ಇಂಟರ್‌ನೆಟ್ ಅಂಗಡಿಯ ಸಂಪತ್ಕುಮಾರ್

ಸಣ್ಣತಾಯಮ್ಮ ಸಂಪತ್ಕುಮಾರನನ್ನು ಮೊದಲು ಕಂಡ ದಿನ ಅವನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಎರಡು ಸಾವಿರದ ಐದನೇ ಇಸವಿ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಅವನ ಇಂಟರ್‌ನೆಟ್ ಅಂಗಡಿ. ನೆಲ ಸಾರಿಸುವ ಕೆಲಸ ಕೇಳಲು ಹೋದವಳು ಮೊದಲು ಸಾರಿಸಿದ್ದು ಆ ರಕ್ತವನ್ನೇ. ತನ್ನ ಹೆಂಡತಿ ಅಲ್ಲಿನ ಕಂಪ್ಯೂಟರಿನಲ್ಲಿ ಏನು ಹುಡುಕಿದಳೆಂದು ತೋರಿಸಲಿಲ್ಲವೆಂದು ಬಾಣಾವರದವನೊಬ್ಬ ಗುದ್ದಿ ಹೋಗಿದ್ದ.

“ತೋರ್ಸ್‌ಬಿಟ್ಟಿದ್ರೆ ಮೂಗು ನೆಟ್ಟಗಿರೋದಲ್ವಾ ಸ್ವಾಮಿ,” ಎಂದಳು.

“ಮೂಗು ಸೊಟ್ಟಗಿದ್ರೂ ಉಸಿರಾಡುತ್ತೆ ಬಿಡಿ. ಆಯಮ್ಮ ಮನೆಗೆ ಹೋಗಿ ಉಸಿರಾಡಬೇಕಲ್ಲ?”

ಮಾಲೇಕಲ್ಲಿನ ಹತ್ತಿರದ ಅರ್ಚಕರ ಮನೆಯವನು ಅವನು. ಬೇರೆ ಅಂಗಡಿಗಳಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು. ಇವನು ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಥರ ಕಾಣುವ ಯುನಿಕೋಡ್ ಎಂಬ ಅಕ್ಷರ ಹಾಕಿದ್ದರಿಂದ ಇಲ್ಲಿ ಕನ್ನಡದಲ್ಲೇ ಹುಡುಕಬಹುದಿತ್ತು. ಪಕ್ಕದವನು ಇಣುಕಿ ಓದುವುದೂ ಅಷ್ಟೇ ಸುಲಭವಾಯಿತು. ಅದಕ್ಕೇ ಗಿರಾಕಿ ಎದ್ದೊಡನೆ ಹುಡುಕಿದ್ದನ್ನೆಲ್ಲ ತಾನೇ ಅಳಿಸುತ್ತಿದ್ದ. ಅಳಿಸುವ ಬಗೆಯನ್ನು ಮಾತ್ರ ಯಾರಿಗೂ ಕಲಿಸಲಿಲ್ಲ. “ಉಂಡ ನೆಂಟರ ಕೈಲಿ ಎಂಜಲೆಲೆ ಎತ್ತಿಸ್ತಾರಾ?” ಎನ್ನುತ್ತಿದ್ದ. ಅದೇ ತಪ್ಪಾಯಿತು.

ಮರುವರ್ಷ ಒಂದು ಮಧ್ಯಾಹ್ನ ಜಾವಗಲ್ಲಿನ ಮಂಜುಳಾ ಮೂರನೇ ಕಂಪ್ಯೂಟರಿನ ಮುಂದೆ ಕೂತಿದ್ದಳು. ಬೀದಿಯಲ್ಲಿ ಅಣ್ಣನನ್ನು ಕಂಡವಳೇ ಹಿತ್ತಲ ಬಾಗಿಲಿನಿಂದ ಓಡಿದಳು. ಅಳಿಸಲು ಅವಳಿಗೆ ಬಾರದೆ ಹುಡುಕಿದ್ದು ಪರದೆಯ ಮೇಲೆ ಹಾಗೇ ಉಳಿಯಿತು. ಅಣ್ಣ ಇಬ್ಬರನ್ನು ಕಟ್ಟಿಕೊಂಡು ಒಳನುಗ್ಗುವಷ್ಟರಲ್ಲಿ, ಅಳಿಸಲು ಹೊತ್ತಿಲ್ಲದೆ, ಸಂಪತ್ಕುಮಾರ್ ಪರದೆಗೆ ಬೆನ್ನು ಕೊಟ್ಟು ನಿಂತ.

“ಸರ್ಕೊಳಿ ಅಯ್ನೋರೆ. ಅವ್ಳು ಯಾವನ್ ಜೊತೆ ಎಲ್ಲಿಗೋಯ್ತಾಳೆ ನೋಡ್ಬೇಕು.”

“ಅವಳೇ ಬಂದು ತೋರಿಸಿದ್ರೆ ನೋಡಪ್ಪ.”

ಸೈಕಲ್ ಚೈನು ಕೆನ್ನೆ ಸೀಳಿತು. ಅವನು ಕದಲಲಿಲ್ಲ. ಒಬ್ಬ ಅವನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದ. ಅಣ್ಣ ಕಬ್ಬಿಣದ ಸ್ಟೂಲೆತ್ತಿ ಬೆರಳುಗಳ ಮೇಲೆ ಹೊಡೆದ. ಒಣಕಡ್ಡಿ ಮುರಿದಂಥ ಸದ್ದು. ನಾಲ್ಕನೇ ಏಟಿಗೆ ಸಂಪತ್ಕುಮಾರ್ ಕುಸಿದ. ಕುಸಿದವನ ಹೊಟ್ಟೆಗೂ ಪಕ್ಕೆಗೂ ಮೂವರೂ ಒದ್ದರು. ಬಾಯಲ್ಲಿ ರಕ್ತ ಬಂದರೂ ನಿಲ್ಲಿಸಲಿಲ್ಲ. ಆಮೇಲೆ ಅಣ್ಣ ಅವನನ್ನು ದಾಟಿ ಪರದೆಯತ್ತ ತಿರುಗಿದ.

ಪರದೆಗೆ ಒಂದು ಮೊಳ ದೂರದಲ್ಲಿದ್ದವಳು, ನೆಲ ಸಾರಿಸಲು ಬಂದಿದ್ದ ಸಣ್ಣತಾಯಮ್ಮ. ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟು ಅವಳಿಗೂ ಬರುತ್ತಿತ್ತು. ಫಿನಾಯಿಲ್ ಬಕೆಟ್ಟು ಎತ್ತಿ ಅಷ್ಟೂ ನೀರನ್ನು ಕಂಪ್ಯೂಟರಿನ ಮೇಲೆ ಸುರಿದಳು. ಕಿಡಿ ಹಾರಿ ಪರದೆ ಕಪ್ಪಾಯಿತು. ಚೈನು ಅವಳ ಮೊಣಕೈ ಮೂಳೆ ಬಿರಿಸಿತು. ಅಣ್ಣ ಸಿಟ್ಟಿಗೆ ಆ ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿ ಕುಕ್ಕಿ ಚೂರು ಮಾಡಿದ. ಒಳಗೆ ಏನಾದರೂ ಉಳಿದಿದ್ದರೆ ಅದೂ ಅವನ ಕೈಯಲ್ಲೇ ಹಾಳಾಯಿತು.

ಹಾಸನದ ಆಸ್ಪತ್ರೆಯಲ್ಲಿ ಏಳನೇ ದಿನ ಸಂಪತ್ಕುಮಾರನ ಹೊಟ್ಟೆಯೊಳಗಿನ ರಕ್ತ ನಿಲ್ಲುವುದಿಲ್ಲವೆಂದು ಡಾಕ್ಟರು ಕೈಬಿಟ್ಟರು. ಸಣ್ಣತಾಯಮ್ಮ ಕಟ್ಟು ಹಾಕಿದ ಕೈಯಲ್ಲೇ ಹೋಗಿ ಮಂಚದ ಪಕ್ಕ ಕೂತಳು.

“ಮಂಜುಳಾ ಅವ್ರ ಕೈಗೆ ಸಿಕ್ಕಿಲ್ಲ ಸ್ವಾಮಿ. ಆ ಮೂರೂ ಜನ ಲಾಕಪ್ನಾಗವ್ರೆ.”

ಅವನು ಅವಳತ್ತ ತಲೆ ಹೊರಳಿಸಿದ. ಸಾಯುವ ಮುಂಚೆ ಕೇಳಿದ್ದು ಒಂದೇ ಮಾತು:

“ಬಕೆಟ್ ಎತ್ತೋ ಮುಂಚೆ ನೀವು ಅದನ್ನ ಓದಿಬಿಟ್ರಾ ಸಣ್ಣತಾಯಮ್ಮ?”