ಅಕ್ಕನ ತಟ್ಟೆ

ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಸರಿಯಾಗಿ ಗೊತ್ತಾದದ್ದು ಹೆಮ್ಮಿಗೆಯಲ್ಲಿ, ಅಕ್ಕನ ಮನೆಯ ಊಟದ ಹೊತ್ತಿನಲ್ಲಿ.

ನಾನು ನಂಜನಗೂಡಿನಲ್ಲಿದ್ದುಕೊಂಡು ಐದು ಕಾದಂಬರಿ ಬರೆದವಳು. ನನ್ನ ಕಾಲೇಜಿನ ಗೆಳತಿಯೊಬ್ಬಳು ತಿ. ನರಸೀಪುರದಲ್ಲಿದ್ದಾಳೆ, ಬರೆದದ್ದು ಒಂದೇ ಒಂದು. ಆ ಒಂದಕ್ಕೇ ಜನ ಅವಳನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಮೆರೆಸಲಿ ಬಿಡು, ನನಗೆ ಅಕ್ಕ ಇದ್ದಾಳೆ ಎಂದುಕೊಂಡಿದ್ದೆ. ನನ್ನ ಪುಸ್ತಕ ಬಂದರೆ ಮೊದಲ ಪ್ರತಿ ಅವಳಿಗೇ. ಓದಿ, ಚೆನ್ನಾಗಿದೆ ಎನ್ನುತ್ತಿದ್ದಳು, ಅಷ್ಟೇ.

ಅಕ್ಕನ ಗಂಡನ ಮನೆಯಲ್ಲಿ ಗಂಡಸರು, ನೆಂಟರು ಉಂಡೆದ್ದ ಮೇಲೆ ಅತ್ತೆ, ಅತ್ತೆಯದಾದ ಮೇಲೆ ಸೊಸೆ. ಮದುವೆಯಾದಾಗಿನಿಂದ ಅಕ್ಕನೇ ಕೊನೆ. ಆ ಭಾನುವಾರ ಮುದ್ದೆ, ಹಿದುಕಿದ ಅವರೆಕಾಳಿನ ಸಾರು. ಭಾವನಿಗೂ ನನಗೂ ಬಡಿಸಿದ ಅಕ್ಕ ಇನ್ನೊಂದು ತಟ್ಟೆ ತಂದು ಭಾವನ ಪಕ್ಕದಲ್ಲೇ ಕೂತಳು. ಅಡುಗೆಮನೆ ಬಾಗಿಲಲ್ಲಿದ್ದ ಅತ್ತೆ ಮುಖ ಗಂಟಿಕ್ಕಿಕೊಂಡರು. ಭಾವ ಸಾರಿನ ಪಾತ್ರೆಯನ್ನು ಅವಳತ್ತ ಸರಿಸಿದರು.

ಕೈ ತೊಳೆಯುವಾಗ, ಏನಕ್ಕಾ ಇದು ಎಂದೆ. ನಿನ್ನ ಗೆಳತಿಯ ಪುಸ್ತಕ ಓದಿದೆ ಎಂದಳು. ಅದರಲ್ಲಿ ಬರುವ ಹೆಂಗಸು ಯಾರ ಜೊತೆಗೂ ಜಗಳಕ್ಕೆ ಹೋಗುವುದಿಲ್ಲವಂತೆ. ಬಡಿಸಿ, ತಾನೂ ಎಲ್ಲರ ಜೊತೆ ಕೂತು ಉಣ್ಣುತ್ತಾಳಂತೆ. ಅದನ್ನು ಓದಿದ ಮಾರನೆಯ ದಿನದಿಂದ ಅಕ್ಕನೂ ಹಾಗೇ. ಹೇಳುವಾಗ ಅವಳ ಮುಖ ಅರಳಿತ್ತು. ನನ್ನ ಯಾವ ಪುಸ್ತಕಕ್ಕೂ ಆ ಮುಖ ಹೀಗೆ ಅರಳಿರಲಿಲ್ಲ! ಸಂತೋಷಪಡಬೇಕಿತ್ತು, ಎಲ್ಲಿಂದ ಬರಬೇಕು ಸಂತೋಷ? ಒಡಹುಟ್ಟಿದವಳನ್ನೂ ಆ ಪುಣ್ಯಾತ್ಗಿತ್ತಿ ಕಿತ್ತುಕೊಂಡಳಲ್ಲ ಎಂದು ಮೈಯೆಲ್ಲ ಉರಿಯಿತು.

ತಡೆಯಲಾರದೆ ಕೇಳಿಯೇಬಿಟ್ಟೆ. "ನಂದು ಐದು ಓದಿದ್ದೀಯಲ್ಲಕ್ಕಾ, ಒಂದಾದ್ರೂ ನಿನ್ನ ಮನಸ್ಸಿಗೆ ತಾಕಲಿಲ್ವಾ?"

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು.

"ತಾಕ್ದೆ ಏನೇ? ನಿನ್ ಮೊದಲ್ನೇ ಬುಕ್ಕಲ್ಲಿ ಒಬ್ಳು ತಾಯಿ ಇದ್ಲಲ್ಲ, ಎಲ್ರಿಗೂ ಇಕ್ಬುಟ್ಟು ತಳ ಕೆರ್ಕೊಂಡು ಉಣ್ಣೋಳು. ದೇವ್ರಂಗೆ ಬರ್ದಿದ್ದೆ ಅವಳ್ನ. ಓದ್ಬುಟ್ಟು ಅತ್ತಿದ್ದೆ ಕಣೇ. ಅದ್ಕೂ ಮುಂಚೆ ಒಂದಿನ ಇವ್ರ ಜೊತೇಲಿ ಕೂರಾನ ಅಂತ ಮನಸು ಮಾಡಿದ್ದೆ. ನಿನ್ ಬುಕ್ಕು ಓದಿದ್ಮೇಲೆ ಅವಳಂಗೆ ಇರೋದೇ ಸರಿ ಅಂತ ಸುಮ್ಕಾದೆ."

ಹೇಳಿ ಅತ್ತೆಗೆ ಬಡಿಸಲು ಒಳಗೆ ಹೋದಳು. ನಾನು ಒದ್ದೆ ಕೈಯಲ್ಲೇ ನಿಂತಿದ್ದೆ. ಗೆಳತಿಯ ಮಾತನ್ನು ಅಕ್ಕ ಕೇಳಿದ್ದು ಈಗ. ಅಷ್ಟೂ ವರ್ಷ ಕೇಳಿದ್ದು ನನ್ನ ಮಾತನ್ನೇ.