ಅವತ್ತು ತಮ್ಮನ ಸರದಿ

ಅವರ ಮೀನಖಂಡಗಳ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ಐವತ್ತು ದಾಟಿದ ಗಂಡಸು, ಶನಿವಾರದ ಬೆಳಿಗ್ಗೆ ಡ್ರೈವ್‌ವೇಯಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ನುಣ್ಣಗೆ ಶೇವ್ ಮಾಡಿದ ಕಾಲುಗಳಿಗೆ ಎಣ್ಣೆ ತಿಕ್ಕುತ್ತಾ ಕೂತಿರುತ್ತಿದ್ದರು. ನೀಲಿ ನರಗಳು ಹುರಿಹಗ್ಗದ ಹಾಗೆ ಎದ್ದು ಕಾಣುತ್ತಿದ್ದವು. ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಮನೆಗೆ ಬಂದ ಮೊದಲನೆಯ ವಾರವೇ ಈ ದೃಶ್ಯ ಕಂಡು ನಾನು ಅಡುಗೆಮನೆಯ ಬ್ಲೈಂಡ್ ಎಳೆದುಬಿಟ್ಟೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಗಂಡಸರ ಕಾಲು ನಮ್ಮ ಸಿಲೆಬಸ್‌ನಲ್ಲಿ ಇರಲಿಲ್ಲ.

ನಮ್ಮ ಯಜಮಾನರು ಹೋಗಿ ವಿಚಾರಿಸಿಕೊಂಡು ಬಂದರು. "ಸೈಕಲ್ ರೇಸಿನವರು ಹಾಗೇ ಅಂತೆ ಕಣೇ. ಬಿದ್ದಾಗ ಗಾಯ ತೊಳೆಯೋಕೆ ಸುಲಭ. ಮೊದಲು ಬ್ಲೈಂಡ್ ಎತ್ತು, ಹಾಲು ಉಕ್ತಿದೆ."

ಹೀಗೆ ಪರಿಚಯವಾದವರು ನಮ್ಮ ಪಕ್ಕದ ಮನೆಯವರು. ಇಟಲಿಗೆ ಸೇರಿದ ಸಾರ್ಡೀನಿಯಾ ದ್ವೀಪದ ಒಂದು ಬೆಟ್ಟದೂರಿನವರು. ಇಪ್ಪತ್ತರ ಹರೆಯದಲ್ಲಿ ಹಡಗು ಹತ್ತಿ ಮೆಲ್ಬರ್ನಿಗೆ ಬಂದು, ಮನೆಮನೆಗೆ ಟೈಲ್ಸ್ ಹಾಕಿ, ಹೆಂಡತಿ ಹೋದ ಮೇಲೆ ಒಬ್ಬರೇ ಇದ್ದರು. ಮಗಳು ಭಾನುವಾರ ಬಂದು ಹೋಗುತ್ತಿದ್ದಳು. ಶನಿವಾರ ಮಾತ್ರ ಅವರನ್ನು ಯಾರೂ ಕೇಳುವ ಹಾಗಿರಲಿಲ್ಲ. ತಮ್ಮ ಹಾಗೇ ಕಾಲು ಹೊಳೆಯುವ ನಾಲ್ಕು ಮುದುಕರ ಜೊತೆ ಡ್ಯಾಂಡೆನಾಂಗ್ ಬೆಟ್ಟ ಹತ್ತಿ ಇಳಿದು ಬರುತ್ತಿದ್ದರು. ಬಂದು ಹಳೆಯ ಟೂತ್‌ಬ್ರಷ್‌ನಲ್ಲಿ ಸೈಕಲ್ ಚೈನು ಉಜ್ಜುತ್ತಿದ್ದರು. ಬೇಲಿಯ ಮೇಲಿಂದ ನಿಂಬೆಹಣ್ಣು ಕೊಡುತ್ತಿದ್ದರು. ನಾನು ಚಿತ್ರಾನ್ನ ಮಾಡಿ ವಾಪಸು ಕೊಡುತ್ತಿದ್ದೆ. ಮೆಣಸಿನಕಾಯಿಗಳನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ನಿಲ್ಲಿಸಿ, "ಸಿನ್ಯೋರಾ, ಈ ಸೋಲ್ಜರ್‌ಗಳು ಸೋತರು" ಅನ್ನುತ್ತಿದ್ದರು. ಅಮ್ಮಾವ್ರೇ ಎನ್ನುವ ಹಾಗೆ, ಕೊನೆಯವರೆಗೂ ನನ್ನನ್ನು ಸಿನ್ಯೋರಾ ಎಂದೇ ಕರೆದರು.

ನನ್ನ ಮಗಳಿಗೆ ಸೈಕಲ್ ಕಲಿಸಿದವರೂ ಅವರೇ. ಎಲ್ಲರ ಹಾಗೆ ಸೀಟು ಹಿಡಿದುಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿ, ಮುಟ್ಟದೆ, ಸಮಸಮಕ್ಕೆ ಓಡುತ್ತಿದ್ದರು. "ನಿಮಗೆ ದಮ್ಮು ಹತ್ತಲ್ವಾ?" ಎಂದು ಕೇಳಿದ್ದಕ್ಕೆ, "ಸೈಕಲ್ ಪಕ್ಕ ಓಡಿಯೇ ಬೆಳೆದವನು ನಾನು" ಎಂದರು. ಏರು ಬಂದರೆ ಅವಳಿಗೆ ಒಂದೇ ಮಾತು: "ಮೇಲೆ ನೋಡಬೇಡ. ಬೆಟ್ಟ ಎಲ್ಲೂ ಓಡಿಹೋಗಲ್ಲ."

ಆ ಓಟದ ಕಥೆ ಗೊತ್ತಾಗಿದ್ದು ತುಂಬಾ ವರ್ಷಗಳ ಮೇಲೆ. ಅಷ್ಟರಲ್ಲಿ ನಮ್ಮ ಯಜಮಾನರು ಇರಲಿಲ್ಲ, ಮಗಳು ಸಿಡ್ನಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲಿ ದೊಡ್ಡ ಸೈಕ್ಲಿಸ್ಟ್ ಆಗಿದ್ದಳು. ಒಂದು ದಿನ ಫೋನ್ ಮಾಡಿ, "ಅಮ್ಮಾ, ನಾನೂ ಇಬ್ಬರು ಫ್ರೆಂಡ್ಸೂ ಸಾರ್ಡೀನಿಯಾ ಬೆಟ್ಟದಲ್ಲಿ ಒಂದು ವಾರ ಸೈಕಲ್ ಹೊಡೀತೀವಿ. ನೀನೂ ಬಾ. ಹಿಂದೆ ಲಗೇಜ್ ವ್ಯಾನ್ ಬರುತ್ತೆ, ಅದರಲ್ಲಿ ಕೂತ್ಕೊಂಡು ಬಾಳೆಹಣ್ಣು ಕೊಡ್ತಾ ಇರು" ಎಂದಳು. ಸುದ್ದಿ ಕೇಳಿದ್ದೇ ತಡ, ಪಕ್ಕದ ಮನೆಯವರು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಪೂರ್ತಿ ರೂಟ್ ಬರೆದುಕೊಟ್ಟರು. ಯಾವ ತಿರುವಿನಲ್ಲಿ ಗಾಳಿ ಎದುರಾಗುತ್ತದೆ, ಯಾವ ಮರದ ಕೆಳಗೆ ಕುರಿಗಳು ಅಡ್ಡ ಮಲಗಿರುತ್ತವೆ, ಎಲ್ಲ. ಕಡೆಗೆ ಒಳಗಿನಿಂದ ಒಂದು ಹಿತ್ತಾಳೆಯ ಸೈಕಲ್ ಬೆಲ್ ತಂದು ನನ್ನ ಅಂಗೈಯಲ್ಲಿಟ್ಟರು.

ಅವರಿಗೂ ಅವರ ತಮ್ಮನಿಗೂ ಸೇರಿ ಒಂದೇ ಸೈಕಲ್ ಇತ್ತಂತೆ. ಒಬ್ಬ ತುಳಿದರೆ ಇನ್ನೊಬ್ಬ ಪಕ್ಕದಲ್ಲಿ ಓಡಬೇಕು. ಊರ ಮುಂದಿನ ಕಲ್ಲಿನ ಚಿಲುಮೆಯ ಹತ್ತಿರ ಅದಲುಬದಲು. ಕೆಳಗಿನ ಪೇಟೆಯಲ್ಲಿ ಒಂದು ರೇಸ್ ಇತ್ತು. ಅದರಲ್ಲಿ ಓಡಿಸುವ ಸರದಿ ತಮ್ಮನದು. ಚಳಿಗಾಲವೆಲ್ಲ ಅವನು ಅದಕ್ಕಾಗಿ ಬೆಟ್ಟ ಹತ್ತಿ ಇಳಿದಿದ್ದ. ರೇಸಿನ ದಿನ ಬೆಳಕು ಹರಿಯುವ ಮೊದಲೇ ಇವರು ಯಾರಿಗೂ ಹೇಳದೆ ಅದೇ ಸೈಕಲ್ ತುಳಿದುಕೊಂಡು ಬಂದರಿಗೆ ಹೋಗಿ, ಅದನ್ನು ಗೋಡೆಗೆ ಒರಗಿಸಿ, ಬೆಲ್ ಮಾತ್ರ ಬಿಚ್ಚಿಕೊಂಡು ಹಡಗು ಹತ್ತಿದರು. ಆಮೇಲೆ ಬರೆದ ಕಾಗದಗಳಿಗೆ ತಮ್ಮ ಒಂದಕ್ಕೂ ಉತ್ತರ ಬರೆಯಲಿಲ್ಲ.

"ಅವತ್ತು ಅವನ ಸರದಿ, ಸಿನ್ಯೋರಾ. ನಾನು ಕದ್ದೆ," ಎಂದರು. "ಚಿಲುಮೆಯ ಎದುರಿನ ಹಸಿರು ಬಾಗಿಲು. ಇದನ್ನು ಅವನ ಕೈಯಲ್ಲಿ ಕೊಡಿ. ಏನೂ ಹೇಳಬೇಡಿ. ಅವನು ಏನು ಮಾಡುತ್ತಾನೆ, ಅದನ್ನು ಮಾತ್ರ ಬಂದು ನನಗೆ ಹೇಳಿ."

ಬೆಲ್ಲನ್ನು ಟೂತ್‌ಪೇಸ್ಟ್ ಹಾಕಿ ಉಜ್ಜಿ ಫಳಫಳ ಮಾಡಿಟ್ಟಿದ್ದರು.

ಆ ಬೆಟ್ಟಗಳ ಸೊಬಗು ಏನು ಹೇಳಲಿ. ಬಾಟಲಿಯ ಬಿರಡೆಗೆ ತೊಗಟೆ ಕೊಡುವ ಮರಗಳಂತೆ ಅವು; ಸುಲಿದ ಕಾಂಡಗಳು ಕೆಂಪಗೆ ನಿಂತಿದ್ದವು. ಕಲ್ಲುಬಂಡೆಗಳ ಸಂದಿಯಲ್ಲಿ, ದೂರದ ಕೆಳಗೆ, ನೀಲಿ ಸಮುದ್ರ. ಮುಂದೆ ಮೂರು ಜನ ಹೆಂಗಸರು ಬೆನ್ನು ಬಗ್ಗಿಸಿ ತುಳಿಯುತ್ತಿದ್ದರು. ಹಿಂದೆ ವ್ಯಾನಿನಲ್ಲಿ ನಾನು ಏಲಕ್ಕಿ ಅಗಿಯುತ್ತಿದ್ದೆ. ಹೇರ್‌ಪಿನ್ ತಿರುವು ಎಣಿಸುತ್ತಾ ಹನ್ನೊಂದಕ್ಕೆ ಬರುವಷ್ಟರಲ್ಲಿ ಏಲಕ್ಕಿಯೂ ಸೋತಿತು. ಸೆರಗಿಗೆ, ಸ್ವೆಟರಿಗೆ, ಮಡಿಲಿಗೆ, ಎಲ್ಲ ಕಡೆ ವಾಂತಿ. ಅದಾದ ಎರಡೇ ತಿರುವಿಗೆ ಚಿಲುಮೆ ಬಂತು.

ಹಸಿರು ಬಾಗಿಲು ಕಂಡೆ. ಚಿಲುಮೆಯ ಕಟ್ಟೆಯ ಮೇಲೆ ಕ್ಯಾಪ್ ಹಾಕಿಕೊಂಡ ಮುದುಕರೊಬ್ಬರು ಕೂತಿದ್ದರು. ಅದೇ ಮೂಗು, ಅದೇ ಕಿವಿ. ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಮುಂದೆ ಹೋದ ಸೈಕಲ್‌ಗಳಿಗೆ ಕೈ ಎತ್ತಿದ್ದರು, ಆ ಕೈ ಇನ್ನೂ ಕೆಳಗಿಳಿದಿರಲಿಲ್ಲ. ವ್ಯಾನ್ ಓಡಿಸುತ್ತಿದ್ದ ಹುಡುಗಿ ನಿಧಾನ ಮಾಡಿ, "ಸ್ಟಾಪ್?" ಎಂದಳು.

ಗುರುತಿಲ್ಲದ ಗಂಡಸಿನ ಎದುರು ಈ ಅವತಾರದಲ್ಲಿ ಇಳಿಯುವುದೇ? ‘ಎ ಲೇಡಿ ಈಸ್ ಸೀನ್ ಬಿಫೋರ್ ಶಿ ಈಸ್ ಹರ್ಡ್’ ಎಂದು ಸಿಸ್ಟರ್ ನಮ್ಮ ಯೂನಿಫಾರಮ್ಮಿನ ನೆರಿಗೆ ಪರೀಕ್ಷಿಸುತ್ತಿದ್ದದ್ದು ಅರವತ್ತು ವರ್ಷವಾದರೂ ಮೈಯಿಂದ ಬಿಟ್ಟಿರಲಿಲ್ಲ. "ನೋ, ಆನ್ ದಿ ವೇ ಬ್ಯಾಕ್," ಎಂದೆ. ಬೆಟ್ಟದಾಚೆ ಮಳೆ ಹಿಡಿಯಿತು. ಸೈಕಲ್ಲಿನವರು ಬೇರೆ ದಾರಿಯಲ್ಲಿ ಇಳಿದರು. ವಾಪಸು ಆ ಕಡೆಗೆ ಹೋಗಲೇ ಇಲ್ಲ. ನಾನೂ ಬಾಯಿಬಿಟ್ಟು ಕೇಳಲಿಲ್ಲ.

ಮನೆಗೆ ಬಂದ ದಿನ ಅವರು ಬೇಲಿಯ ಹತ್ತಿರವೇ ನಿಂತಿದ್ದರು. ಇಸ್ತ್ರಿ ಮಾಡಿದ ಶರ್ಟು, ತಲೆ ಬಾಚಿದ್ದರು.

"ಇದ್ದಾನಾ?"

"ಇದ್ದಾರೆ. ಚೆನ್ನಾಗಿದ್ದಾರೆ. ಕಟ್ಟೆಯ ಮೇಲೆ ಕೂತಿದ್ರು." ಇಷ್ಟು ನಿಜ.

"ಕೊಟ್ಟಿರಾ?"

ನಮ್ಮ ಕಡೆ ಊರಿನಿಂದ ಬಂದವರನ್ನು ಯಾರಾದರೂ ಆತಂಕದಿಂದ ಕೇಳಿದರೆ, ಮೊದಲು ಬಾಯಿಗೆ ಬರುವುದು ‘ಎಲ್ಲಾ ಕ್ಷೇಮ’. ಕೆಟ್ಟದ್ದನ್ನು ಕಾಫಿ ಕೊಟ್ಟ ಮೇಲೆ ಹೇಳಿದರಾಯಿತು. ಆ ಅಭ್ಯಾಸವೇ ನನ್ನ ನಾಲಿಗೆ ಹೊರಳಿಸಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. "ಕೊಟ್ಟೆ," ಎಂದೆ.

"ಏನು ಮಾಡಿದ?"

"ಎರಡು ಸಲ ಬಾರಿಸಿದ್ರು. ನಕ್ಕರು."

ಅವರು ಬೇಲಿ ಹಿಡಿದುಕೊಂಡು ತಲೆ ತಗ್ಗಿಸಿ ನಿಂತರು. ಭುಜಗಳು ಅಲುಗುತ್ತಿದ್ದವು. ಆಮೇಲೆ ಒಂದು ಬುಟ್ಟಿ ತುಂಬ ನಿಂಬೆಹಣ್ಣು ಕಿತ್ತುಕೊಟ್ಟರು.

ಮಾರನೆಯ ದಿನವೇ ಸಿಡ್ನಿಯಿಂದ ಫೋನು. "ಅಮ್ಮಾ, ಪಕ್ಕದ ಮನೆ ಅಂಕಲ್ ನನಗೆ ಥ್ಯಾಂಕ್ಸ್ ಹೇಳೋಕೆ ಫೋನ್ ಮಾಡಿದ್ರು. ನೀನು ಬೆಲ್ ಕೊಟ್ಟೆಯಂತೆ? ಯಾವಾಗ ಕೊಟ್ಟೆ? ವ್ಯಾನ್ ನಮ್ಮ ಹಿಂದೆಯೇ ಇತ್ತು, ಆ ಊರಲ್ಲಿ ನಿಲ್ಲಲೇ ಇಲ್ಲವಲ್ಲ!"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಮಾರಲ್ ಸೈನ್ಸ್‌ನಲ್ಲಿ ಮೆಡಲ್ ತಗೊಂಡೋಳು ನೀನೇ ತಾನೇ? ಹೋಗಿ ನಿಜ ಹೇಳು. ಬೇಲಿ ತನಕ ಹೋದರೆ ಸಾಕು, ಬೆಟ್ಟ ಏನೂ ಹತ್ತಬೇಕಾಗಿಲ್ಲ."

ಬೇಲಿ ತನಕ ಹೋದೆ. ಒಂದಲ್ಲ, ಹತ್ತು ಸಲ. ಪ್ರತಿ ಸಲವೂ ಅವರು, "ಸಿನ್ಯೋರಾ, ಇನ್ನೊಮ್ಮೆ ಹೇಳಿ, ಹೇಗೆ ನಕ್ಕ?" ಎನ್ನುವರು. ನಾನು ಹೇಳುತ್ತಿದ್ದೆ. ಹೇಳಿ ಹೇಳಿ ಸುಳ್ಳಿಗೆ ಹಲ್ಲು, ಕಣ್ಣು, ಕೆಮ್ಮು ಎಲ್ಲ ಬಂದವು. ಬೆಲ್ ನನ್ನ ಚಮಚಗಳ ಡ್ರಾಯರಿನಲ್ಲಿತ್ತು. ಎಳೆದಾಗಲೆಲ್ಲ ಟಿಣ್ ಎನ್ನುತ್ತಿತ್ತು. ಬೇಲಿಯಾಚೆ ಕೇಳೀತೆಂದು ಅದರೊಳಗೆ ಹತ್ತಿ ತುರುಕಿದೆ.

ತಮ್ಮ ಕ್ಷಮಿಸಿದ್ದಾನೆ ಎನ್ನುವ ಧೈರ್ಯಕ್ಕೆ ಅವರು ಟಿಕೆಟ್ ಬುಕ್ ಮಾಡಿಸಿದರು. ಫೋನ್ ಮಾಡುವುದಿಲ್ಲ, ಕಾಗದ ಬರೆಯುವುದಿಲ್ಲ. ಎಂಬತ್ತನೆಯ ವಯಸ್ಸಿನಲ್ಲಿ ಬಂದರಿನಿಂದ ಊರಿಗೆ ಸೈಕಲ್ ತುಳಿದುಕೊಂಡೇ ಹೋಗಿ ಚಿಲುಮೆಯ ಹತ್ತಿರ ಇಳಿಯಬೇಕು, ಸೈಕಲ್ ಅವನಿಗೆ ಕೊಟ್ಟು ತಾನು ಪಕ್ಕದಲ್ಲಿ ನಡೆಯಬೇಕು ಎಂದು ಪ್ಲಾನ್. ದಿನಾ ಪ್ರಾಕ್ಟೀಸ್. ನನ್ನ ಸುಳ್ಳು ಬಯಲಾಗುವ ದಿನ ಹತ್ತಿರ ಬರುತ್ತಿತ್ತು. ಅಷ್ಟರಲ್ಲಿ ಕೊರೋನಾ ಬಂತು. ಆಸ್ಟ್ರೇಲಿಯಾದ ಗಡಿ ಮುಚ್ಚಿದರು. ಟಿವಿಯಲ್ಲಿ ಆ ಸುದ್ದಿ ಕೇಳಿ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಜನ ಸಾಯುತ್ತಿದ್ದರು, ನಾನು ಥ್ಯಾಂಕ್ಸ್ ಹೇಳಿದೆ. ಇದನ್ನು ಇವತ್ತಿನವರೆಗೆ ಮಗಳಿಗೂ ಹೇಳಿಲ್ಲ.

ಗಡಿ ತೆರೆಯುವ ಮೊದಲೇ ಅವರ ಹೃದಯ ನಿಂತಿತು. ಗ್ಯಾರೇಜಿನಲ್ಲಿ, ಸೈಕಲ್ಲಿನ ಪಕ್ಕದಲ್ಲೇ. ಕೈಯಲ್ಲಿ ಟೂತ್‌ಬ್ರಷ್ ಇತ್ತಂತೆ.

ಮುಂದಿನ ವರ್ಷ ಅವರ ಮಗಳು ಅಪ್ಪನ ಬೂದಿ ತೆಗೆದುಕೊಂಡು ಆ ಊರಿಗೆ ಹೋಗಿಬಂದಳು. ನನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾ, "ಆಂಟಿ, ಚಿಕ್ಕಪ್ಪನಿಗೆ ಮರೆವು ಅಂತ ಕಾಣುತ್ತೆ," ಎಂದಳು. "ಯಾವ ಇಂಡಿಯನ್ ಲೇಡಿಯೂ ಬರಲಿಲ್ಲ ಅಂತಾರೆ. ‘ನನ್ನ ಅಣ್ಣ ಆ ಬೆಲ್ ಇಟ್ಟುಕೊಂಡಿದ್ದನಾ?’ ಅಂತ ನನ್ನನ್ನೇ ಕೇಳಿದ್ರು. ಸೈಕಲ್ ಸದ್ದು ಕೇಳಿದಾಗಲೆಲ್ಲ ಹೊರಗೆ ಬಂದು ಕೂರ್ತಾರಂತೆ."

ಮುದುಕರೊಬ್ಬರ ನೆನಪಿಗೆ ಮರೆವಿನ ಹೆಸರು ಬಿದ್ದಿತ್ತು, ನನ್ನಿಂದ. ಎದ್ದು ಡ್ರಾಯರ್ ಎಳೆದೆ. ಅವಳ ಎದುರಿಗೇ ಬೆಲ್ಲಿನೊಳಗಿಂದ ಹತ್ತಿಯನ್ನು ಚೂರು ಚೂರಾಗಿ ಕಿತ್ತೆ. "ಅವರಿಗೆ ಮರೆವಿಲ್ಲ ಮಗಳೇ. ನಾನು ಇಳಿಯಲೇ ಇಲ್ಲ," ಎಂದೆ. ಯಾಕೆ ಎಂದು ಅವಳು ಕೇಳಿದಳು. ಬಟ್ಟೆ ಗಲೀಜಾಗಿತ್ತು ಎಂದೆ. ಹೇಳುವಾಗ ಅದು ಎಷ್ಟು ಸಣ್ಣ ಮಾತು ಎಂದು ನನಗೇ ಕೇಳಿಸಿತು.

ಅವಳು ಹತ್ತಿಯ ಚೂರುಗಳನ್ನು ಮೇಜಿನ ಮೇಲೆ ಒಂದೆಡೆ ಗುಡ್ಡೆ ಮಾಡಿದಳು. "ಕ್ರಿಸ್‌ಮಸ್ ಊಟಕ್ಕೆ ಪಪ್ಪಾ ಆ ನಗುವಿನ ಕಥೆಯನ್ನೇ ಎಲ್ಲರಿಗೂ ಹೇಳಿದ್ರು," ಎಂದಳು. ಬೆಲ್ ತೆಗೆದುಕೊಂಡು ಹೋದಳು. ಕಾಫಿ ಅರ್ಧ ಉಳಿದಿತ್ತು.

ಎರಡು ತಿಂಗಳ ಮೇಲೆ ಅವಳಿಂದ ಒಂದು ವಿಡಿಯೋ ಬಂತು, ಜೊತೆಗೆ ಒಂದು ಮಾತೂ ಇಲ್ಲ. ಅದೇ ಕಟ್ಟೆ, ಅದೇ ಕ್ಯಾಪ್. ಮುದುಕರ ವಾಕರ್‌ಗೆ ಯಾರೋ ಬೆಲ್ ಕೂರಿಸಿಕೊಟ್ಟಿದ್ದಾರೆ. ಅವರು ಹೆಬ್ಬೆರಳಿನಿಂದ ಒಂದು ಸಲ ಬಾರಿಸಿದರು. ಒಂದೇ ಸಲ. ಆಮೇಲೆ ಪಕ್ಕದಲ್ಲಿ ಓಡಬೇಕಾದವನಿಗಾಗಿ ಕಾಯುವ ಹಾಗೆ, ಇಳಿಜಾರಿನ ರಸ್ತೆಯ ಕಡೆಗೆ ತಿರುಗಿ ನೋಡುತ್ತಾ ಕೂತರು.

ನಾನು ಹೇಳಿದ್ದ ಹಾಗೆ ಅವರು ನಗಲಿಲ್ಲ.