ಗೋಣಿಚೀಲ ಹಾಸಿ ಕಲಿಸಿದ ಮಿಸ್ತ್ರಿ

ಗಾಡಿ ರಿಪೇರಿಯ ಮಿಸ್ತ್ರಿಯವರ ಬಲಗಿವಿಯ ಮುಂದೆ, ಕೆನ್ನೆಯ ಎಲುಬಿನ ಮೇಲೆ, ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಕಲೆ ಇತ್ತು. ಹುಟ್ಟುಮಚ್ಚೆಯಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು, ಡಾಕ್ಟರು ಎದೆ ಪರೀಕ್ಷೆ ಮಾಡಿದ ಹಾಗೆ. ಆನಿಸಿ ಆನಿಸಿ ಗ್ರೀಸು ಚರ್ಮದೊಳಗೆ ಇಳಿದಿತ್ತು. ಶುಕ್ರವಾರ ಬಿಳಿ ಟೋಪಿ ಹಾಕಿ, ಅತ್ತರು ಹಚ್ಚಿ ನಮಾಜಿಗೆ ಹೊರಟಾಗಲೂ ಆ ಕಲೆ ಹೋಗುತ್ತಿರಲಿಲ್ಲ.

ಮಕ್ಕಳೇ, ನಮ್ಮ ಅಂಗಳದ ತಗಡಿನ ಶೆಡ್ಡಿನಲ್ಲಿರುವ ಕೆಂಪು ಕಾರನ್ನು ನೋಡಿ ಪ್ರತಿ ರಜೆಯಲ್ಲೂ ಕೇಳುತ್ತೀರಿ, "ಅಜ್ಜೀ, ಇದನ್ನ ನೀನ ಓಡಸ್ತಿದ್ದೇನು?" ಎಂದು. ನಾನು ನಕ್ಕು ಅಡಿಗೆಮನೆಗೆ ಹೋಗಿಬಿಡುತ್ತೇನೆ. ಬಾಯಿಬಿಟ್ಟು ಹೇಳಲು ನನಗೆ ಮೊದಲಿನಿಂದಲೂ ನಾಚಿಕೆ. ಬರೆದರೆ ಅಷ್ಟು ಕಷ್ಟವಿಲ್ಲ.

ಹಟ್ಟಿ ಚಿನ್ನದ ಗಣಿ ಕಡೆ ಕೆಲಸದಲ್ಲಿದ್ದ ಇಂಜಿನಿಯರೊಬ್ಬರು ಊರು ಬಿಡುವಾಗ ನಿಮ್ಮ ತಾತ ಆ ಕಾರನ್ನು ಕೊಂಡರು. ನೆಲಕ್ಕೆ ಹತ್ತಿದಂಥ ಗಿಡ್ಡ ಕಾರು, ಮೇಲೆ ಮಡಚುವ ಬಟ್ಟೆ, ಎರಡೇ ಸೀಟು. ಹನ್ನೊಂದು ಜನರ ಮನೆಗೆ ಎರಡು ಸೀಟಿನ ಕಾರು ಯಾಕೆ ಎಂದು ಸಿಂಧನೂರಿನಲ್ಲಿ ಎಲ್ಲರೂ ನಕ್ಕರು. ಯಾಕೆಂದು ನನಗೆ ಗೊತ್ತಿತ್ತು. ಅದರಲ್ಲಿ ಮೂರನೆಯವರು ಹತ್ತುವಂತಿರಲಿಲ್ಲ. ಮಸ್ಕಿಯ ಗುಡ್ಡ ಕಾಣುವ ತನಕ ಹೋಗಿ, ಚಹಾ ಕುಡಿದು ಬರುತ್ತಿದ್ದೆವು. ನಾವಿಬ್ಬರೇ ಮಾತಾಡಿದ್ದೆಲ್ಲ ಆ ದಾರಿಯಲ್ಲೇ.

ಅವರು ತೀರಿಕೊಂಡ ಮೇಲೆ ಕಾರು ಒಂದೂವರೆ ವರ್ಷ ನಿಂತಲ್ಲೇ ನಿಂತಿತು. ಬಟ್ಟೆಯ ಮಡಿಕೆಯಲ್ಲಿ ಇಲಿ ಮರಿ ಹಾಕಿತು. ಲಿಂಗಸುಗೂರಿನಲ್ಲಿದ್ದ ನನ್ನ ಮೈದುನ, ಒಳ್ಳೆಯ ಮನಸ್ಸಿನಿಂದಲೇ, ಹೈದರಾಬಾದಿನ ಗಿರಾಕಿಯೊಬ್ಬರನ್ನು ಗೊತ್ತುಮಾಡಿದರು. ಎಂಜಿನ್ ಚಾಲೂ ಆದರೆ ಒಯ್ಯುವುದಾಗಿ ಮಾತಾಗಿತ್ತು. ಮಾರುವುದು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಓಡಿಸಲು ಬಾರದ ಕಾರು ನಿನಗೆ ಯಾಕೆ ಎಂದರೆ ಏನು ಹೇಳಲಿ?

ಮಿಸ್ತ್ರಿಯವರು ಕಾರನ್ನು ಕಾಲುವೆ ದಂಡೆಯ ತಮ್ಮ ಶೆಡ್ಡಿಗೆ ಎಳೆಸಿಕೊಂಡು ಹೋದರು. ನಾಲ್ಕನೆಯ ದಿನ ಎಂಜಿನ್ ಚಾಲೂ ಆಯಿತು. ನಾನೂ ಅಲ್ಲಿದ್ದೆ. ತಾವು ಸದ್ದು ಕೇಳಿದ ಮೇಲೆ ಸ್ಕ್ರೂಡ್ರೈವರನ್ನು ನನ್ನ ಕಡೆ ಚಾಚಿದರು. "ಕೇಳು ಬೇಟಿ." ಕಿವಿಗಿಟ್ಟೆ. ಮಸ್ಕಿ ದಾರಿಯ ಸದ್ದು. ಕಣ್ಣೀರು ತಡೆಯಲಾಗಲಿಲ್ಲ.

ಅವರು ಬೇರೆ ಕಡೆ ನೋಡುತ್ತ ಕೇಳಿದರು, "ಮಾರೂದು ಯಾರ ಮಾತು? ನಿಂದೋ, ನಿನ್ನ ಮೈದುನಂದೋ?"

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ತಿಳೀತು ಬಿಡು," ಎಂದರು.

ಅದೇ ಸಂಜೆ ಮೈದುನ ಫೋನು ಮಾಡಿದಾಗ, ಇನ್ನೂ ಬಿಸಿ ಆರದ ಎಂಜಿನ್ನಿನ ಮೇಲೆ ಕೈಯಿಟ್ಟುಕೊಂಡು ಮಿಸ್ತ್ರಿಯವರು ಹೇಳಿದರು: "ಚಾಲೂ ಆಗವಲ್ದುರೀ ಸಾಹುಕಾರ್ರ. ಒಳಗ ಭಾಳ ಖರಾಬ್ ಆಗೇತಿ. ಎರಡು ತಿಂಗಳಾರ ಬೇಕು." ಗಾಡಿಯ ವಿಷಯದಲ್ಲಿ ಅವರು ಹೇಳಿದ ಒಂದೇ ಸುಳ್ಳು ಅದು ಎಂದು ನಾನು ನಂಬಿದ್ದೇನೆ.

ಮರುದಿನ ಕಾರಿನ ಪಕ್ಕದಲ್ಲಿ ಗೋಣಿಚೀಲ ಹಾಸಿದರು. "ಮಲಗಿ ಒಳಗ ಸರಿ."

"ಅಯ್ಯ ಚಾಚಾ, ಸೀರಿ ಉಟ್ಟೀನಿ!"

"ಸೀರಿ ತೊಳ್ಯಾಕ ಬರ್ತೈತಿ. ಗಾಡಿ ಹೊಟ್ಟಿ ನೋಡದ ಸ್ಟೇರಿಂಗ್ ಹಿಡಿಯೋರು ಡ್ರೈವರ್ ಅಲ್ಲ, ಪ್ಯಾಸೆಂಜರು."

ಎಲೆ ಅಡಿಕೆ ಜಗಿಯುತ್ತ ಕಟ್ಟೆಯ ಮೇಲೆ ಕುಳಿತಿದ್ದ ಅವರ ಹೆಂಡತಿ ಎದ್ದುಬಂದರು. "ನೀ ಮಲ್ಕೋವಾ. ಕಾಲಿನ ಮ್ಯಾಲ ನನ್ನ ಚಾದರ ಹೊದಸ್ತೀನಿ. ಈ ಮುದುಕ ಆ ಕಡಿ ಮುಖ ಮಾಡಿ ಪಾಠ ಹೇಳ್ಲಿ."

ಹಾಗೆಯೇ ಆಯಿತು. ಮಿಸ್ತ್ರಿಯವರು ಗೋಡೆಗೆ ಮುಖ ಮಾಡಿ ನಿಂತು, ಚಕ್ರ ತಿರುಗಿಸುವ ಶಾಫ್ಟ್ ಎಲ್ಲಿದೆ, ಸೈಲೆನ್ಸರ್ ಎಲ್ಲಿ ಹಾಯುತ್ತದೆ, ಎಣ್ಣೆ ಎಲ್ಲಿಂದ ಸೋರುತ್ತದೆ ಎಂದು ನಾಲ್ಕು ದಿನ ಕೇಳಿದರು. ಕೆಳಗಿನಿಂದ ನಾನು ಮುಟ್ಟಿ ಮುಟ್ಟಿ ಉತ್ತರ ಹೇಳಿದೆ.

ಆಮೇಲೆ ಓಡಿಸುವ ಪಾಠ, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಕಡೆಯ ಕಾಲುವೆ ದಾರಿಯಲ್ಲಿ. ಪಕ್ಕದ ಸೀಟಿನಲ್ಲಿ ಅವರು ಒಮ್ಮೆಯೂ ಕೂರಲಿಲ್ಲ. "ಅದು ನಿನ್ನ ಜಾಗ. ನೀ ಈಗ ಸ್ಟೇರಿಂಗ್ ಕಡಿ ಸರದೀದಿ. ಅದು ಖಾಲೀನ ಇರ್ಲಿ," ಎನ್ನುತ್ತಿದ್ದರು. ತಮ್ಮ ಮೊಪೆಡ್ಡಿನಲ್ಲಿ ಪಕ್ಕಕ್ಕೇ ಬರುತ್ತ ಕೂಗುವುದು: "ಕ್ಲಚ್ ಮೆಲ್ಲಕ! ತೊಟ್ಲ ಬಿಟ್ಟಂಗ ಬಿಡು!" ನಾಟಿ ಹಚ್ಚುತ್ತಿದ್ದ ಕ್ಯಾಂಪಿನ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು. ನಾನು ತಲೆ ತಗ್ಗಿಸಿದರೆ ಬೈಗುಳ: "ನಾಚಿಗಿ ಮನ್ಯಾಗ ಇಟ್ಟು ಬಾ ಬೇಟಿ. ಇಲ್ಲಿ ರಸ್ತಾ ನೋಡು!"

ಲೈಸೆನ್ಸ್ ಕೈಗೆ ಬಂದ ವಾರವೇ, ಮಿಸ್ತ್ರಿಯವರು ಹೇಳಿದ್ದ ಎರಡು ತಿಂಗಳೂ ಮುಗಿದು, ಗಿರಾಕಿ ಲಿಂಗಸುಗೂರಿಗೆ ಬರುತ್ತಾರೆಂದು ಸುದ್ದಿ ಬಂತು. "ಮಿಸ್ತ್ರಿ ಕೈಯಾಗ ಕಾರು ಕಳಸ್ರಿ," ಎಂದರು ಮೈದುನ. ಮಿಸ್ತ್ರಿಯವರು ಕೀಲಿಕೈಯನ್ನು ನನ್ನ ಅಂಗೈಗೆ ಹಾಕಿ, ಗೋಣಿಚೀಲ ಮಡಚಿ ಡಿಕ್ಕಿಯಲ್ಲಿಟ್ಟರು. "ಹೋಗು. ಅಲ್ಲಿ ಏನ್ ಹೇಳಬೇಕು, ನೀನ ಹೇಳು."

ಮಸ್ಕಿ ದಾಟಿದ ಮೇಲೆ ರಸ್ತೆಯ ಮೇಲೆ ಕಿತ್ತ ಹುರುಳಿ ಗಿಡ ಹಾಸಿದ್ದರು. ಗಾಡಿಗಳು ಹಾಯ್ದರೆ ಕಾಳು ತಾನೇ ಉದುರುತ್ತದೆ. ಬಳಸಿ ಹೋಗಲು ಅಂಚಿನಲ್ಲಿ ಜಾಗವಿತ್ತು. ಆದರೆ ನಾನು ರೈತರ ಮನೆ ಮಗಳು. ಹಾಸಿದ ಬೆಳೆಯನ್ನು ಬಿಟ್ಟು ಹೋಗಲು ಮನಸ್ಸಾಗದೆ ಮೇಲೇ ಹಾಯಿಸಿದೆ. ಲಾರಿಗೆ ಅದು ಸರಿ, ನೆಲಕ್ಕೆ ಹತ್ತಿದ ಈ ಕಾರಿಗಲ್ಲ. ಹೊಟ್ಟು, ಬಳ್ಳಿ ಎಲ್ಲ ಶಾಫ್ಟಿಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರಿಗೆ ತಾಗಿ ಹೊಗೆ ಎದ್ದಿತು.

ನಿಲ್ಲಿಸಿ ಇಳಿದೆ. ಹುರುಳಿ ಹಾಸಿದ್ದ ಹೆಣ್ಣುಮಗಳು ಕುಡುಗೋಲು ಹಿಡಿದೇ ಓಡಿಬಂದಳು. "ಯವ್ವಾ, ಹೊಗಿ! ಡ್ರೈವರ್ ಎಲ್ಲಿ ಹೋಗ್ಯಾನ ಬೇ?"

"ನಾನ ಡ್ರೈವರು. ಆ ಕುಡುಗೋಲು ಕೊಡವಾ."

ಗೋಣಿಚೀಲ ಹಾಸಿ ಕೆಳಗೆ ಸರಿದೆ. ಯಾವುದು ಸುಡುತ್ತದೆ, ಯಾವುದನ್ನು ಮುಟ್ಟಬಹುದು ಎಂದು ಕೈಗೆ ಗೊತ್ತಿತ್ತು. ಮೊದಲು ಮಣ್ಣು ತೂರಿ ಹೊಗೆ ಆರಿಸಿದೆ, ಆಮೇಲೆ ಬಳ್ಳಿ ಕೊಯ್ದು ಎಳೆದೆ. ಹೊರಗೆ ಬಂದಾಗ ಆಕೆ ನಕ್ಕಳು. "ನನ್ನ ಹುಳ್ಳಿ ಅರ್ಧ ನಿನ್ನ ತಲಿಯಾಗ ಐತಿ ನೋಡಬೇ!"

ಹಾಗೆಯೇ ಲಿಂಗಸುಗೂರು ಸೇರಿದೆ. ಮೈದುನ ಬಾಗಿಲಲ್ಲಿ ಗಿರಾಕಿಯ ಜೊತೆ ನಿಂತಿದ್ದರು. "ಅತ್ತಿಗೀ, ನೀವು? ಮಿಸ್ತ್ರಿ ಎಲ್ಲಿ?"

"ಅವ್ರು ಸಿಂಧನೂರಾಗ ಅದಾರ. ನಾನ ಓಡಸ್ಕೊಂಡು ಬಂದೀನಿ. ಇದನ್ನ ಮಾರಂಗಿಲ್ಲ."

ಅದುವರೆಗೆ ಮೈದುನರ ಎದುರು ನಾನು ಅಷ್ಟು ಮಾತು ಒಟ್ಟಿಗೆ ಆಡಿರಲಿಲ್ಲ. ಮೈದುನ ನನ್ನ ಮಸಿ ಹಿಡಿದ ಕೈ ನೋಡಿದರು. ಒಳಗೆ ತಿರುಗಿ ಹೆಂಡತಿಗೆ ಕೂಗಿದರು: "ಅತ್ತಿಗಿಗೆ ಕೈ ತೊಳ್ಯಾಕ ನೀರು ತಾ."

ಹಿಂದಿರುಗಿ ಹುರುಳಿಯ ಸಂಗತಿ ಹೇಳಿದಾಗ ಮಿಸ್ತ್ರಿಯವರು ಕೆಮ್ಮು ಬರುವಷ್ಟು ನಕ್ಕರು. "ಹಾಯಿಸಬ್ಯಾಡ ಅಂತ ಮೊದ್ಲ ಹೇಳಬೇಕಿತ್ತಲ್ಲ ಚಾಚಾ?" ಎಂದೆ. "ಎಲ್ಲಾ ನಾನ ಹೇಳಿದ್ರ ರಸ್ತಾ ಏನು ಕಲಸ್ಬೇಕು?"

ಹದಿನಾಲ್ಕು ವರ್ಷ ಓಡಿಸಿದೆ. ಪಕ್ಕದ ಸೀಟು ಖಾಲಿ, ಮೇಲಿನ ಬಟ್ಟೆ ಮಡಚಿ, ಮಸ್ಕಿಯ ಗುಡ್ಡದ ತನಕ. ಆ ಗಾಳಿ ಈಗಲೂ ನೆನಪಾಗುತ್ತದೆ. ಈಗ ಮೊಣಕಾಲು ಬಾಗುವುದಿಲ್ಲ, ಅಷ್ಟು ಗಿಡ್ಡ ಕಾರಿಗೆ ಇಳಿದರೆ ಏಳಲಾರೆ. ಮಿಸ್ತ್ರಿಯವರು ಹೋಗಿ ಮೂರು ವರ್ಷವಾಯಿತು. ಅಂದು ಗಂಡಸರು ಅವರನ್ನು ಹೊತ್ತು ಹೋದ ಮೇಲೆ, ಅವರ ಹೆಂಡತಿಯ ಪಕ್ಕ ನಾನು ಕುಳಿತಿದ್ದೆ. "ಮೈಯೆಲ್ಲ ತೊಳದ್ರು," ಎಂದರು ಆಕೆ. "ಕೆನ್ನಿ ಮ್ಯಾಲಿಂದು ಮಾತ್ರ ಹೋಗ್ಲಿಲ್ಲ ನೋಡು."

ಕಾರಿನ ಕೀಲಿಕೈ ಕೇಳುತ್ತೀರಲ್ಲ, ಕೊಡುತ್ತೇನೆ. ಗೋಣಿಚೀಲ ಡಿಕ್ಕಿಯಲ್ಲಿದೆ. ಮೊದಲು ಅದನ್ನು ಹಾಸಿ ಕೆಳಗೆ ಸರಿಯಿರಿ. ನಾನು ಗೋಡೆಗೆ ಮುಖ ಮಾಡಿ ನಿಂತು ಕೇಳುತ್ತೇನೆ, ಒಂದೊಂದನ್ನೂ ಮುಟ್ಟಿ ಹೇಳಿ.